ಕೆಂಪು ನೆಲವನ್ನು ಖಾಲಿ ಬಿಟ್ಟದ್ದು

ಅಜ್ಜಿಮನೆಯ ನಡುಕೋಣೆಗೆ ಕಿಟಕಿ ಇರಲಿಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು. ಅದರಿಂದ ಇಳಿದ ಬೆಳಕು ಬೆಳಿಗ್ಗೆ ಪಡುಗೋಡೆಯ ಬುಡದಲ್ಲಿ ಉದ್ದಕ್ಕೆ ಬಿದ್ದಿರುತ್ತಿತ್ತು, ಮಧ್ಯಾಹ್ನ ನಡುವಿಗೆ ಬಂದು ಚೌಕವಾಗುತ್ತಿತ್ತು, ಸಂಜೆ ಮೂಡುಗೋಡೆಯ ಕಡೆಗೆ ಓರೆಯಾಗಿ ಸರಿಯುತ್ತಿತ್ತು. ಉಳಿದದ್ದೆಲ್ಲ ಕೆಂಪು ಕಾವಿ ನೆಲ, ದಿನಾ ಒರೆಸಿ ಒರೆಸಿ ನುಣುಪಾದದ್ದು. ಆ ನೆಲವನ್ನು ಒಂದು ಕ್ವಿಲ್ಟ್, ಎಂದರೆ ಪದರ ಸೇರಿಸಿ ಹೊಲಿದ ಹೊದಿಕೆ, ಮಾಡಬೇಕು ಅಂತ ನನಗೆ ಅನಿಸಿದ್ದು ಈ ಹೊಲಿಗೆ ಶುರುಮಾಡಿ ಮೂರು ವರ್ಷವಾದ ಮೇಲೆ. ಮುಗಿಸಲು ಇನ್ನೊಂದು ವರ್ಷ ಹಿಡಿಯಿತು. ಹೊಲಿಯಲಿಕ್ಕೆ ಅಷ್ಟು ಸಮಯ ಬೇಡ. ನೆಲವನ್ನು ಬರೀ ನೆಲವಾಗಿ ಬಿಡುವ ಧೈರ್ಯ ಬರಲಿಕ್ಕೆ ಬೇಕಾಯಿತು, ಅದೂ ಒಬ್ಬಳಿಂದ ಬರಲಿಲ್ಲ.

ನಾನಿರುವುದು ಮಂಗಳೂರಿನ ಬಿಜೈಯಲ್ಲಿ, ಕೆಲಸ ಬ್ಯಾಂಕಿನಲ್ಲಿ. ನಮ್ಮದೊಂದು ಕ್ವಿಲ್ಟಿನ ಗುಂಪು ಉಂಟು, ಹದಿನಾಲ್ಕು ಮಂದಿ. ತಿಂಗಳ ಎರಡನೇ ಶನಿವಾರ ಒಂದು ಮಹಿಳಾ ಮಂಡಲದ ಕೋಣೆಯಲ್ಲಿ ಸೇರುತ್ತೇವೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಎಲ್ಲ ಅಲ್ಲಿ ಕಲಸಿಹೋಗಿರುತ್ತದೆ. ಮೊದಲ ಒಂದು ಗಂಟೆ ಹೊಲಿಗೆ ಇಲ್ಲ, ತೋರಿಸುವುದು ಮಾತ್ರ. ಇಬ್ಬರು ಕ್ವಿಲ್ಟಿನ ಎರಡು ಮೂಲೆ ಹಿಡಿದು ಎತ್ತಿ ನಿಲ್ಲುತ್ತಾರೆ, ಮಾಡಿದವಳು ಬಾಯಿ ಬಿಡಬಾರದು. ನೋಡುವವರು ‘ಚಂದ ಉಂಟು’ ಅಂತ ಹೇಳಬಾರದು. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಕೊಂಡಿತು, ಅಷ್ಟೇ ಹೇಳಬೇಕು. ನಮ್ಮ ಗುಂಪಿನ ಕಟ್ಟಳೆಗಳಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಇದೇ.

‘ಕ್ವಿಲ್ಟ್ ಎಂದರೆ ಕೌದಿ ತಾನೆ?’ ಎಂದು ಕೇಳುವವರಿದ್ದಾರೆ. ಹೌದು, ಕೌದಿಯ ನೆಂಟನೇ. ಮೇಲೊಂದು ಪದರ, ನಡುವೆ ಒಂದು, ಕೆಳಗೊಂದು, ಮೂರನ್ನೂ ಹಿಡಿದು ಕೂರಿಸುವ ಹೊಲಿಗೆ. ಮಾಡರ್ನ್ ಕ್ವಿಲ್ಟ್ ಅಂತ ನಾವು ಕರೆಯುವುದರಲ್ಲಿ ಹೂಬಳ್ಳಿಯ ಪ್ರಿಂಟು ಕಡಿಮೆ, ಪ್ಲೇನ್ ಬಣ್ಣ ಜಾಸ್ತಿ. ಒಂದೇ ಚೌಕವನ್ನು ಸಾಲಾಗಿ ಹತ್ತು ಸಲ ಜೋಡಿಸುವ ಬದಲು ಒಂದು ಮೂಲೆಯಲ್ಲಿ ಚಿತ್ತಾರ, ಉಳಿದ ಜಾಗ ಖಾಲಿ. ಸ್ಕೇಲು ಇಡದೆ ಕೈಗೆ ಬಂದಂತೆ ಕತ್ತರಿಸಿ ಜೋಡಿಸುವುದೂ ಉಂಟು. ಈ ಹೆಸರಿನಲ್ಲಿ ಜನ ಒಟ್ಟಾದದ್ದು ಇತ್ತೀಚೆಗೆ, 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡರ್ನ್ ಕ್ವಿಲ್ಟ್ ಗಿಲ್ಡ್ ಶುರುವಾಯಿತು. ಆದರೆ ಅದಕ್ಕೆ ಎಷ್ಟೋ ಮೊದಲೇ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹೊಲದ ಕೆಲಸಕ್ಕೆ ಹಾಕಿ ಸವೆದ ಪ್ಯಾಂಟುಗಳಿಂದ ಇಂಥದ್ದನ್ನು ಹೊಲಿಯುತ್ತಿದ್ದರು. ಮೊಣಕಾಲಿನ ಮಾಸಿದ ಗುರುತು, ಜೇಬು ಕಿತ್ತ ಕಡೆ ಉಳಿದ ಗಾಢ ನೀಲಿ, ಎಲ್ಲ ಹಾಗೆಯೇ ಕಾಣುತ್ತದೆ. 2002ರಲ್ಲಿ ಹ್ಯೂಸ್ಟನ್‌ನ ಮ್ಯೂಸಿಯಂ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವನ್ನು ಗೋಡೆಗೆ ತೂಗುಹಾಕಿದವು. ಆ ಚಿತ್ರಗಳನ್ನು ಮೊದಲ ಸಲ ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಡತನದಲ್ಲಿ ಚಳಿಗೆಂದು ಹೊಲಿದ ಹೊದಿಕೆಯಲ್ಲಿ ಅಷ್ಟು ಧೈರ್ಯದ ಬಣ್ಣ!

ಬಟ್ಟೆಗೆ ನಾವು ದೂರ ಹೋಗಬೇಕಾಗಿಲ್ಲ. ಪ್ಲೇನ್ ಬಣ್ಣ ಬೇಕಾದರೆ ಹಂಪನಕಟ್ಟೆಯ ಸುತ್ತಿನ ಮ್ಯಾಚಿಂಗ್ ಸೆಂಟರುಗಳಲ್ಲಿ ಸೀರೆಯ ಒಳಲಂಗಕ್ಕೆ ಮಾರುವ ಪೋಪ್ಲಿನ್ ಉಂಟಲ್ಲ, ಅದೇ. ಗಿಣಿಹಸಿರಿನಲ್ಲೇ ಐದಾರು ಬಗೆ ಸಿಗುತ್ತದೆ. ಅಪ್ಪಟ ಹತ್ತಿಯೋ ಅಲ್ಲವೋ ನೋಡಲು ಅಂಚಿನ ನಾಲ್ಕು ಎಳೆ ಕಿತ್ತು ಸುಡುತ್ತೇನೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಸೇರಿದೆ. ನನ್ನ ನೆಲಕ್ಕೆ ಸರಿಯಾದ ಕೆಂಪು ಸಿಗಲು ನಾಲ್ಕು ಅಂಗಡಿ ಹತ್ತಿಳಿದೆ. ಕುಂಕುಮದ ಕೆಂಪು ಆಗದು, ಇಟ್ಟಿಗೆಯ ಕೆಂಪೂ ಆಗದು. ಕೊನೆಗೆ ಸಿಕ್ಕಿತು. ‘ಬಣ್ಣ ಹೋಗ್ತದಾ?’ ಕೇಳಿದೆ. ‘ಇಲ್ಲ ಅಕ್ಕ, ಗ್ಯಾರಂಟಿ’ ಎಂದರು. ತೊಳೆಯದೆ ಕತ್ತರಿಸಿದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಹೊಸಬರು ಕೇಳಿದರೆ ನಾನು ಮೊದಲು ಹೇಳುವುದು ಕಾಲಿಂಚಿನ ಬಗ್ಗೆ. ಕ್ವಿಲ್ಟಿನಲ್ಲಿ ಹೊಲಿಗೆಯ ಮಾರ್ಜಿನ್ ಕಾಲಿಂಚು ಮಾತ್ರ. ರವಿಕೆಯ ಹಾಗೆ ಆಮೇಲೆ ಬಿಚ್ಚಿ ದೊಡ್ಡದು ಮಾಡುವ ಪ್ರಶ್ನೆ ಇಲ್ಲ. ಒಂದೊಂದು ಜೋಡಣೆಯಲ್ಲಿ ಇಂಚಿನ ಹದಿನಾರರಲ್ಲಿ ಒಂದು ಪಾಲು ತಪ್ಪಿದರೂ ಹದಿನಾರು ಜೋಡಣೆ ಮುಗಿಯುವಾಗ ಒಂದಿಡೀ ಇಂಚು ಹೋಗಿರುತ್ತದೆ. ಸೂಜಿಯಿಂದ ಸರಿಯಾಗಿ ಕಾಲಿಂಚು ದೂರದಲ್ಲಿ ಮೆಷಿನಿನ ತಗಡಿನ ಮೇಲೆ ಮಾಸ್ಕಿಂಗ್ ಟೇಪನ್ನು ನಾಲ್ಕು ಪದರ ಅಂಟಿಸಿ ದಿಂಡು ಮಾಡಿದರೆ ಬಟ್ಟೆ ಅದಕ್ಕೆ ತಾಗಿಕೊಂಡು ತಾನೇ ನೇರ ಹೋಗುತ್ತದೆ.

ಈಗ ನೆಲದ ವಿಷಯ. ಅರುವತ್ತು ಇಂಚು ಉದ್ದ, ಅರುವತ್ತು ಇಂಚು ಅಗಲ. ಅದರಲ್ಲಿ ನಾಲ್ಕು ಬಿಳಿ ತುಂಡು: ಬೆಳಗಿನದು, ಮಧ್ಯಾಹ್ನದ್ದು, ಮೂರು ಗಂಟೆಯದು, ಸಂಜೆಯದು. ಇಷ್ಟೇ ಇರಲಿ ಅಂತ ಕಾಗದದಲ್ಲಿ ಬರೆದುಕೊಂಡಿದ್ದೆ. ಗೋಡೆಗೆ ಹಳೆ ಫ್ಲಾನೆಲ್ ಬೆಡ್‌ಶೀಟು ಹೊಡೆದು ಅದರ ಮೇಲೆ ತುಂಡುಗಳನ್ನು ಅಂಟಿಸಿ ನಿಂತು ನೋಡಿದರೆ ಎದೆ ಧಸಕ್ಕೆಂದಿತು. ಎಷ್ಟೊಂದು ಕೆಂಪು! ಏನೂ ಮಾಡಿಲ್ಲ ಅಂತ ಜನ ಹೇಳಿದರೆ? ಮೂಲೆಯಲ್ಲಿ ಒಂದು ಒರಳು ಹೊಲಿದೆ. ಅದರ ಪಕ್ಕ ಚಾಪೆ. ಆಮೇಲೆ ಬೆಕ್ಕು. ಅಂಚಿಗೆ ರಂಗೋಲಿ. ಎರಡು ತಿಂಗಳು ಆ ಒರಳಿಗೇ ಹೋಯಿತು.

ಅದನ್ನು ಗುಂಪಿಗೆ ಕೊಂಡುಹೋದ ದಿನ ಇಬ್ಬರು ಎತ್ತಿ ಹಿಡಿದರು. ‘ಕಣ್ಣು ಬೆಕ್ಕಿಗೆ ಹೋಯ್ತು’, ‘ನನಗೆ ಒರಳು’, ‘ನನಗೂ ಬೆಕ್ಕೇ’. ಬೆಳಕು ಕಂಡಿತು ಅಂತ ಹದಿಮೂರು ಜನರಲ್ಲಿ ಒಬ್ಬರೂ ಹೇಳಲಿಲ್ಲ. ನನಗೆ ಗಂಟಲು ಕಟ್ಟಿತು. ಕೊನೆಯಲ್ಲಿ, ಗುಂಪಿನಲ್ಲಿ ನಾವು ‘ಶಿರ್ವದ ಬಾಯಿ’ ಎಂದು ಕರೆಯುವವರು ಮೆಲ್ಲಗೆ ಕೇಳಿದರು, ‘ನೀವು ಸಣ್ಣದಿರುವಾಗ ಆ ಕೋಣೆಯಲ್ಲಿ ಎಂತ ನೋಡ್ತಿದ್ದದ್ದು? ಬೆಕ್ಕನ್ನಾ?’

ನಾನು ಅಲ್ಲೇ ಕೂತು ಬಿಚ್ಚಿದೆ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ನಾಲ್ಕು ಹೊಲಿಗೆಗೆ ಒಂದರಂತೆ ಕಡಿದು ಹಿಂದಿನಿಂದ ದಾರ ಎಳೆದರೆ ಬಟ್ಟೆಗೆ ಪೆಟ್ಟಾಗದೆ ಬರುತ್ತದೆ. ಒರಳಿಗೆ ಮೂವರು ಕೈಹಾಕಿದರು. ಸಂಜೆಯ ಹೊತ್ತಿಗೆ ನೆಲ ಮತ್ತೆ ನೆಲವಾಯಿತು. ಖಾಲಿ ಜಾಗ ಎಂದರೆ ಕೆಲಸ ಬಾಕಿ ಉಳಿದ ಜಾಗ ಅಂತಲೇ ನನ್ನ ತಲೆಯಲ್ಲಿತ್ತು. ಆ ಕೆಂಪು ಅಷ್ಟು ದೂರ ಹಬ್ಬಿದ್ದರೆ ಮಾತ್ರ ಬೆಳಕಿಗೆ ಬೀಳಲು ಸ್ಥಳ ಇರುತ್ತದೆ ಎನ್ನುವುದು ಅಂದು ನನ್ನ ಕಣ್ಣಿಗೆ ಬಂತು.

ನಾಲ್ಕು ಬಿಳಿ ತುಂಡುಗಳಲ್ಲಿ ಮೂರು ಓರೆ. ಓರೆಯಾಗಿ ಕತ್ತರಿಸಿದ ಬಟ್ಟೆ ರಬ್ಬರಿನ ಹಾಗೆ ಎಳೆಯುತ್ತದೆ. ಹೊಲಿದು ಮುಗಿಸುವಾಗ ಅಂಚು ಅಲೆಅಲೆಯಾಗಿರುತ್ತದೆ. ಇದಕ್ಕೆ ಮದ್ದು ಗಂಜಿ. ಬೆಳ್ತಿಗೆ ಅನ್ನದ ತಿಳಿಯನ್ನು ಸೋಸಿ ನೀರು ಬೆರೆಸಿ, ಕತ್ತರಿಸುವ ಮೊದಲೇ ಬಟ್ಟೆಯನ್ನು ಅದ್ದಿ, ಅರೆಬರೆ ಒಣಗಿದಾಗ ಇಸ್ತ್ರಿ ಹಾಕಬೇಕು. ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ. ಕುಚ್ಚಲಕ್ಕಿಯ ಗಂಜಿ ಬಿಳಿ ಬಟ್ಟೆಗೆ ಬೇಡ, ಮಸುಕು ಹಿಡಿಯುತ್ತದೆ.

ನಡುವಿನ ಪದರಕ್ಕೆ ಅಮ್ಮನ ಎರಡು ಹಳೆಯ ನೂಲಿನ ಸೀರೆ ಹಾಕಿದೆ. ನನ್ನ ಮೊದಲ ಕ್ವಿಲ್ಟಿಗೆ ದಪ್ಪ ಪಾಲಿಯೆಸ್ಟರ್ ಹಾಸು ಹಾಕಿ ಕೆಟ್ಟಿದ್ದೇನೆ. ನಮ್ಮ ಊರಿನ ಸೆಕೆಗೆ ಅದನ್ನು ಹೊದೆಯುವವರು ಯಾರು? ಒಗೆದ ಸೀರೆ ಮೆತ್ತಗಿರುತ್ತದೆ, ಬೆವರು ಹೀರುತ್ತದೆ. ಮೂರೂ ಪದರಗಳನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿದೆ. ಆಮೇಲೆ ಮೆಷಿನಿಗೆ ವಾಕಿಂಗ್ ಫುಟ್ ಹಾಕಿ ನೇರ ಗೆರೆಗಳು, ಒಂದು ಬೆರಳಿನ ಅಂತರ. ಸಾಮಾನ್ಯ ಫುಟ್ ಹಾಕಿದರೆ ಮೆಷಿನು ಕೆಳಗಿನ ಪದರವನ್ನು ಮಾತ್ರ ಎಳೆಯುತ್ತದೆ, ಇದು ಮೇಲಿನದನ್ನೂ ಜೊತೆಗೆ ನಡೆಸುತ್ತದೆ. ಎಲ್ಲ ಗೆರೆಗಳನ್ನೂ ನಡುವಿನಿಂದ ಶುರುಮಾಡಿ ಒಂದೇ ದಿಕ್ಕಿಗೆ ಹೊಲಿಯಬೇಕು. ಹೋಗುತ್ತಾ ಒಂದು, ಬರುತ್ತಾ ಒಂದು ಮಾಡಿದರೆ ಗೆರೆಗಳ ನಡುವೆ ಬಟ್ಟೆ ತಿರುಚಿಕೊಳ್ಳುತ್ತದೆ. ಅಂಚು ಕಟ್ಟಿ ಮುಗಿಸುವಾಗ ಜೋರು ಮಳೆಯ ಆಟಿ ತಿಂಗಳು ಬಂದಿತ್ತು.

ಗಂಜಿ ಹಾಕಿದ ಬಟ್ಟೆಯನ್ನು ನಮ್ಮ ಮಳೆಗಾಲದಲ್ಲಿ ಹಾಗೇ ಮಡಚಿಟ್ಟರೆ ಬೂಸು ಬರುವುದು ಖಂಡಿತ. ತೊಳೆದಿಡೋಣ ಎಂದು ಒಂದು ಬುಧವಾರ ರಾತ್ರಿ ನೀರಿಗೆ ಹಾಕಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬಕೆಟಿನ ನೀರು ಪುನರ್ಪುಳಿ ಶರಬತ್ತು. ನಾಲ್ಕು ಬೆಳಕೂ ಗುಲಾಬಿ.

ಕೈಕಾಲು ತಣ್ಣಗಾಯಿತು. ನಮ್ಮ ಗುಂಪಿನ ಕುಡುಪಿನ ಅಕ್ಕನಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ: ‘ಒಣಗಿಸಿದ್ದೀರಾ?’ ಇಲ್ಲ ಎಂದೆ. ‘ಹಾಗಾದ್ರೆ ಬದುಕ್ತದೆ. ಒದ್ದೆ ಇರುವ ಹಾಗೇ ತೆಗೊಂಡು ಬನ್ನಿ, ಹಂಡೆಯಲ್ಲಿ ಬಿಸಿನೀರು ಉಂಟು.’ ಸುರಿಯುವ ಮಳೆಯಲ್ಲಿ ಕಾಲ ಬಳಿ ಬಕೆಟು ಇಟ್ಟುಕೊಂಡು ರಿಕ್ಷಾದಲ್ಲಿ ಹೋದೆ.

ಬಚ್ಚಲಿನಲ್ಲಿ ದೊಡ್ಡ ಡ್ರಮ್ಮು ಇಟ್ಟಿದ್ದರು. ಕೈ ಇಡಲಾಗದಷ್ಟು ಬಿಸಿಯಾದ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಲೋಟ. ಬಟ್ಟೆ ಬಿಟ್ಟ ಬಣ್ಣವನ್ನು ಆ ಸೋಪು ನೀರಿನಲ್ಲೇ ಹಿಡಿದಿಡುತ್ತದೆ, ಮತ್ತೆ ಬಿಳಿಯ ಮೇಲೆ ಕೂರಲು ಬಿಡುವುದಿಲ್ಲ. ನೀರು ಧಾರಾಳ ಇರಬೇಕು, ಕ್ವಿಲ್ಟಿನ ಒಂದು ಮಡಿಕೆಯೂ ಮೇಲೆ ತೇಲಬಾರದು, ತೇಲಿದ ಕಡೆ ಒಂದಕ್ಕೊಂದು ತಾಗಿ ಕಲೆ ಕೂರುತ್ತದೆ. ಅಕ್ಕ ಅದರ ಮೇಲೆ ಮುಚ್ಚಳ ಕವುಚಿ ಹಾಕಿ ಗುಂಡುಕಲ್ಲು ಇಟ್ಟರು. ಹನ್ನೆರಡು ಗಂಟೆ. ನಾನು ಅಲ್ಲೇ ಮಲಗಿದೆ, ಬೆಳಿಗ್ಗೆ ಅಲ್ಲಿಂದಲೇ ಬ್ಯಾಂಕಿಗೆ ಹೋದೆ. ಅವರು ನೀರು ಬದಲಿಸಿ ಎರಡನೇ ಸಲ ಹಾಕಿದರು, ಶುಕ್ರವಾರ ಮೂರನೇ ಸಲ. ಪ್ರತಿ ಸಲ ಡ್ರಮ್ಮಿನಿಂದ ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು ಬೆಳಕಿಗೆ ಹಿಡಿದು ನೋಡುವುದು. ಮೂರನೆಯದು ಕುಡಿಯುವ ನೀರಿನಷ್ಟು ತಿಳಿ. ಈಗ ಕೆಂಪು, ಕಡುನೀಲಿ ಯಾವುದೇ ಇರಲಿ, ಯಾರು ಏನೇ ಗ್ಯಾರಂಟಿ ಕೊಡಲಿ, ಕತ್ತರಿಸುವ ಮೊದಲು ಒಂದು ತುಂಡನ್ನು ಬಿಸಿನೀರಿನ ಲೋಟದಲ್ಲಿ ಅರ್ಧ ಗಂಟೆ ಇಡದೆ ನಾನು ಮುಂದೆ ಹೋಗುವುದಿಲ್ಲ.

ಮೂರು ತುಂಡುಗಳು ಪೂರ್ತಿ ಬೆಳ್ಳಗಾದವು. ಮಧ್ಯಾಹ್ನದ ಚೌಕದಲ್ಲಿ ಮಾತ್ರ ತೆಳು ಗುಲಾಬಿಯ ಒಂದು ಪಟ್ಟಿ ಉಳಿಯಿತು. ಹೊಲಿಗೆ ಮೂರೂ ಪದರ ಹಿಡಿದಿರುವಾಗ ಬಿಚ್ಚಿ ಬದಲಿಸುವುದು ಆಗದ ಮಾತು. ದಾರಿ ತೋರಿಸಿದ್ದು ಯಲ್ಲಾಪುರದಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ಸದಸ್ಯೆ. ಅಲ್ಲಿಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿ, ನೋಡುತ್ತಾ ಬೆಳೆದವರು ಅವರು. ಸಿದ್ದಿಯರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಕೊಳ್ಳುವುದಿಲ್ಲ. ಹಳೆ ಸೀರೆ ಹಾಸಿ, ಅಂಚಿನಿಂದ ಶುರುಮಾಡಿ, ತುಂಡಿನ ಮೇಲೆ ತುಂಡು ಇಟ್ಟು ಓಡುಹೊಲಿಗೆ ಹಾಕುತ್ತಾ ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ಕಡೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿದ ‘ಫುಲಾ’ ಕೂರಿಸಬೇಕು, ಅದಿಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ. ‘ಮೇಲಿಂದ ಒಂದು ಬಿಳಿ ಇಟ್ಟು ಕೈಯಲ್ಲಿ ಹೊಲಿದ್ರಾಯ್ತಲ್ಲ’ ಎಂದರು. ಹಾಗೇ ಮಾಡಿದೆ. ಬೆರಳು ಆಡಿಸಿದರೆ ಆ ಚೌಕ ಮಾತ್ರ ತುಸು ದಪ್ಪ, ಸುತ್ತ ಮೆಷಿನಿನ ನೇರ ಗೆರೆ, ಅದರ ಮೇಲೆ ಕೈಯ ಓಡುಹೊಲಿಗೆ.

ಮಳೆಯಲ್ಲಿ ಒಣಗಿಸಲು ಬಿಸಿಲಿರಲಿಲ್ಲ, ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ ಎರಡು ದಿನ ಹಾಕಿದ್ದು. ಇವತ್ತಿಗೂ ಮಡಿಕೆ ಬಿಚ್ಚಿದರೆ ತೆಂಗಿನ ಸೋಗೆಯ ಹೊಗೆ ವಾಸನೆ ಬರುತ್ತದೆ.

ಅಮ್ಮನಿಗೆ ಏನೂ ಹೇಳದೆ ಮಂಚದ ಮೇಲೆ ಹಾಸಿದೆ. ಅವರು ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ. ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ಬೆಳಗಿನ ಉದ್ದ ತುಂಡಿನ ಮೇಲೆ ಬೆರಳಿಟ್ಟು, ‘ಇದು ಕಾಪಿ ಕುಡಿಯುವ ಹೊತ್ತಿನದ್ದು’ ಎಂದರು. ಅಲ್ಲಿಂದ ಮೆಲ್ಲಗೆ ಬೆರಳು ಸರಿಸುತ್ತಾ ಮಧ್ಯಾಹ್ನದ ಕಡೆಗೆ ಬಂದರು. ಅರ್ಧ ದಾರಿಯಲ್ಲಿ, ಬರೀ ಕೆಂಪು ಇರುವ ಕಡೆ, ಬೆರಳು ನಿಂತಿತು.

‘ಹನ್ನೊಂದು ಗಂಟೆಗೆ ಇಲ್ಲಿ ಇರ್ತಿತ್ತು’ ಎಂದರು. ‘ಅಮ್ಮ ಅಕ್ಕಿ ಆರಿಸ್ಲಿಕ್ಕೆ ಇಲ್ಲೇ ಕೂತುಕೊಳ್ಳುವುದು.’