ದೊಡ್ಡಪ್ಪನ ಪಾಸ್‌ಬುಕ್ ಮತ್ತು ಕೋರ್ಟಿಗೆ ಕೊಟ್ಟ ಪಟ್ಟಿ

ಮೈಸೂರಿನ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ವಿಲ್‌ನಲ್ಲಿ ನನ್ನನ್ನು ಎಕ್ಸಿಕ್ಯೂಟರ್, ಅಂದರೆ ಅದನ್ನು ಜಾರಿ ಮಾಡುವವನನ್ನಾಗಿ ಮಾಡಿ ಹೋಗಿದ್ದರು. ಪ್ರೊಬೇಟ್, ಅಂದರೆ ವಿಲ್ ಸರಿಯಿದೆ ಎಂದು ಕೋರ್ಟ್ ಕೊಡುವ ಪ್ರಮಾಣಪತ್ರ, ನಮ್ಮ ಕಡೆ ಕಡ್ಡಾಯವೇನಲ್ಲ. ಆದರೆ ಅವರ ಷೇರು ವರ್ಗಾಯಿಸಲು ಅದೇ ಬೇಕು ಎಂದು ಕಂಪನಿಯವರು ಹೇಳಿದರು. ಸರಿ, ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ. ಅದರ ಜೊತೆ ಆಸ್ತಿಯ ಪಟ್ಟಿ, ಬೆಲೆ ಸಮೇತ.

ನಾನು ಬೀರು ತೆರೆದು ಕಂಡದ್ದನ್ನೆಲ್ಲ ಬರೆಯತೊಡಗಿದೆ. ಸುಮ್ನೆ ಎರಡು ದಿನ ಹಾಳು. ಕೆಲಸಕ್ಕೆ ಬಂದದ್ದು ಪಾಸ್‌ಬುಕ್. ಮೂರು ವರ್ಷದ ಸಾಲುಗಳನ್ನು ಒಂದೊಂದಾಗಿ ಓದಿದೆ. ಹದಿನೆಂಟು ರೂಪಾಯಿ ಡಿವಿಡೆಂಡ್ ಬಂದ ಒಂದು ಸಾಲಿನಿಂದ ಯಾರಿಗೂ ಗೊತ್ತಿಲ್ಲದ ಷೇರು ಸಿಕ್ಕಿತು. ಆಡಿಟರ್ ತೆಗೆಸಿಕೊಟ್ಟ, ಯಾರು ಎಷ್ಟು ತೆರಿಗೆ ಹಿಡಿದಿದ್ದಾರೆ ಎಂದು ತೋರಿಸುವ ಆದಾಯ ತೆರಿಗೆ ಪಟ್ಟಿ 26ಎಎಸ್‌ನಲ್ಲಿ ಬೇರೆ ಬ್ಯಾಂಕೊಂದು ಬಡ್ಡಿಯ ಮೇಲೆ ತೆರಿಗೆ (ಟಿಡಿಎಸ್) ಹಿಡಿದಿತ್ತು. ಅಂದರೆ ಅಲ್ಲೊಂದು ಎಫ್‌ಡಿ ಇದೆ ಅಂತ ತಾನೆ!

ನಾಮಿನಿ ಇದ್ದ ಖಾತೆಗಳನ್ನು ನಾನು ಬಿಟ್ಟಿದ್ದೆ. ವಕೀಲರು ಮತ್ತೆ ಸೇರಿಸಿದರು. "ನಾಮಿನಿ ಹಣ ಈಸ್ಕೊಳ್ಳೋರು ಅಷ್ಟೇ, ಯಜಮಾನರಲ್ಲ" ಎಂದರು.

ಬೆಲೆ ಕಟ್ಟುವುದಕ್ಕಿಂತ ಕಷ್ಟವಾದದ್ದು ಯಾವುದು ಅವರದ್ದು ಎಂದು ಬೇರ್ಪಡಿಸುವುದು. ಬೀರುವಿನಲ್ಲಿದ್ದ ಚಿನ್ನ ನೋಡಿ ಖುಷಿಯಿಂದ ತೂಕ ಹಾಕಿಸಲು ಹೊರಟೆ. ದೊಡ್ಡಮ್ಮ ತಡೆದರು. "ಅವಲಕ್ಕಿ ಸರ ನಮ್ಮಪ್ಪ ಮದುವೇಲಿ ಹಾಕಿದ್ದು ಕಣೋ." ಅದು ಅವರ ಸ್ತ್ರೀಧನ, ಪಟ್ಟಿಗೆ ಬರುವುದಿಲ್ಲ. ಕೊನೆಗೆ ಉಳಿದದ್ದು ಒಂದು ಉಂಗುರ, ಎರಡು ನಾಣ್ಯ. ಅಕ್ಕಸಾಲಿಗರು ಹರಳಿನ ತೂಕ ಕಳೆದು ತೂಗಿ ಚೀಟಿ ಬರೆದುಕೊಟ್ಟರು.

ಊರಿನ ಜಮೀನು ಇನ್ನೂ ಗೋಜಲು. ಪಹಣಿ ತೆಗೆಸಿದರೆ ಅಜ್ಜನ ಹೆಸರೇ ಇದೆ! ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಯಾರೂ ಹೋಗಿರಲಿಲ್ಲ. ಅಜ್ಜನ ಸ್ವಂತ ಸಂಪಾದನೆಯ 1 ಎಕರೆ 10 ಗುಂಟೆ, ವಿಲ್ ಇಲ್ಲ, ಮಕ್ಕಳು ಐವರು. ದೊಡ್ಡಪ್ಪನ ಪಾಲು 10 ಗುಂಟೆ. ಅಷ್ಟನ್ನೇ ಬರೆದೆವು. ಅತ್ತೆಯಂದಿರ ಪಾಲನ್ನು "ಅವರೇನು ಕೇಳ್ತಾರೆ" ಎಂದು ಮರೆಯುವ ಚಾಳಿ ನಮ್ಮ ಮನೆಯಲ್ಲೂ ಇತ್ತು, ಅದು ಕೋರ್ಟಿನ ಕಾಗದದಲ್ಲಿ ನಡೆಯಲ್ಲ.

ಬೆಲೆ ಯಾವ ದಿನದ್ದು? ತೀರಿಕೊಂಡು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ತೀರಿಕೊಂಡ ದಿನದ ಪೇಟೆ ಬೆಲೆ. ವರ್ಷ ದಾಟಿದರೆ ಅರ್ಜಿ ಹಾಕಿದ ದಿನದ್ದು. ಕೋರ್ಟ್ ಶುಲ್ಕ ಅದರ ಮೇಲೇ ಬೀಳುತ್ತದೆ. ಚಿನ್ನ ಏರುತ್ತಿದ್ದ ರೀತಿ ನೋಡಿ ನಾವು ಹನ್ನೊಂದನೇ ತಿಂಗಳಲ್ಲೇ ಹಾಕಿದೆವು. ದೊಡ್ಡಪ್ಪ ತೀರಿಕೊಂಡದ್ದು ಭಾನುವಾರ. ಷೇರಿಗೆ ಹಿಂದಿನ ಶುಕ್ರವಾರದ ಮುಕ್ತಾಯದ ಬೆಲೆ ಹಿಡಿದೆವು. ಮನೆಗೆ ನೋಂದಾಯಿತ ಮೌಲ್ಯಮಾಪಕರ ವರದಿ, ಪಕ್ಕದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ.

ಸಾಲಗಳನ್ನೂ ಅಂತ್ಯಕ್ರಿಯೆಯ ಖರ್ಚನ್ನೂ ಕಳೆಯಬಹುದು. ಆಸ್ಪತ್ರೆಯ ಬಾಕಿಗೆ ಬಿಲ್ ಇತ್ತು. ಪುರೋಹಿತರ ಹತ್ತಿರ ರಸೀದಿ ಹೇಗೆ ಕೇಳೋದು ಹೇಳಿ! ಕೇಳಿದೆ, ನಕ್ಕು ಬರೆದುಕೊಟ್ಟರು.

ಪ್ರೊಬೇಟ್ ಸಿಕ್ಕ ಮೇಲೂ ಕೆಲಸ ಮುಗಿಯಲಿಲ್ಲ. ಆರು ತಿಂಗಳೊಳಗೆ ಪೂರ್ತಿ ಪಟ್ಟಿ, ವರ್ಷದೊಳಗೆ ಲೆಕ್ಕ ಕೋರ್ಟಿಗೆ ಒಪ್ಪಿಸಬೇಕು. ನಾಲ್ಕನೇ ತಿಂಗಳಲ್ಲಿ ದೊಡ್ಡಪ್ಪನ ಹೆಸರಿಗೆ ಒಂದು ಲಕೋಟೆ ಬಂತು. ನಮ್ಮ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಕಂಪನಿಯ ಷೇರು. ವಕೀಲರಿಗೆ ಫೋನ್ ಮಾಡಿದೆ. ಅದನ್ನೂ ಸೇರಿಸಿ, ಕಡಿಮೆ ಬಿದ್ದ ಶುಲ್ಕ ಕಟ್ಟಿದೆವು.