ಗಾಯರಾಣದಲ್ಲಿ ಮುಧೋಳ ನಾಯಿಯನ್ನು ಓಡಿಸುವ ಬಗೆ

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಸರಿದಾಡಿದರೆ ಸಾಕು, ಯಜಮಾನನ ಕೂಗು ಅದರ ಕಿವಿಗೆ ಬೀಳುವ ಮೊದಲೇ ಅದು ಅರ್ಧ ಹೊಲ ದಾಟಿರುತ್ತದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದ್ದು ಈ ಗುಣಕ್ಕಾಗಿಯೇ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು, ಆಮೇಲೆ ಸೇನೆಯೂ ಮರಿಗಳನ್ನು ಒಯ್ದು ತರಬೇತಿ ನೀಡಿತು. ಇಷ್ಟೆಲ್ಲ ಗೌರವ ಬಂದರೂ ನಾಯಿಯ ಸ್ವಭಾವ ಮಾತ್ರ ಬದಲಾಗಿಲ್ಲ. ಅದಕ್ಕೆ ದಿನವೂ ಓಟ ಬೇಕು, ಓಟಕ್ಕೆ ಬಯಲು ಬೇಕು. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ಬಯಲೆಂದರೆ ದನಕರು ಮೇಯಲು ಬಿಟ್ಟ ಊರ ಗೋಮಾಳವಾದ ಗಾಯರಾಣ, ಕಲ್ಲುಮಡ್ಡಿ ಅಂದರೆ ಕಲ್ಲುನೆಲದ ದಿಬ್ಬ, ಹಿಂಗಾರಿ ಜೋಳ ಕೊಯ್ದ ಎರಿಹೊಲ (ಕಪ್ಪು ಮಣ್ಣಿನ ಹೊಲ) ಮತ್ತು ಬೇಸಿಗೆಯಲ್ಲಿ ನೀರಿಳಿದ ಹಿನ್ನೀರಿನ ದಂಡೆ. ಈ ಜಾಗಗಳಲ್ಲಿ ಕುರಿಗಾಹಿಗಳು, ದನ ಮೇಯಿಸುವವರು, ನಸುಕಿನಲ್ಲಿ ನಡೆಯಲು ಬರುವವರು ಮತ್ತು ಕಾಡುಪ್ರಾಣಿಗಳು ಎಲ್ಲರಿಗೂ ಪಾಲಿದೆ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಂದೂಕಿನಿಂದ ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ಅಟ್ಟುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು ಮತ್ತು ಇಂಥ ಯಾವುದೇ ಪ್ರಯತ್ನ ಕೂಡ ಬೇಟೆಯೇ. ಆದ್ದರಿಂದ ‘ನಾಯಿ ತಾನೇ ಓಡಿತು, ಮೊಲ ತಪ್ಪಿಸಿಕೊಂಡಿತು’ ಎಂಬ ವಾದವನ್ನು ನಂಬಿಕೊಂಡು ಮಡ್ಡಿಗೆ ಇಳಿಯಬಾರದು. ಹೊಲದ ಮೊಲವೂ ಸಂರಕ್ಷಿತ ಪ್ರಾಣಿ. ಚಿಂಕಾರ ಎಂಬ ಸಣ್ಣ ಹುಲ್ಲೆ, ತೋಳ, ನವಿಲು, ಉಡ ಇವೆಲ್ಲ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಾದ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅವುಗಳ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ಬಳಸಿದ ವಾಹನವನ್ನೂ ವಶಪಡಿಸಿಕೊಳ್ಳಬಹುದು. ಮೊಲದ ಹಿಂದೆ ನಾಯಿ ಬಿಟ್ಟು ಅದನ್ನು ಮೊಬೈಲಿನಲ್ಲಿ ಚಿತ್ರಿಸಿ ಹಂಚುವ ಹುಡುಗರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಸಿದ್ಧಪಡಿಸಿಕೊಡುತ್ತಾರೆ. ಸಾಕಿದ ಮೊಲವನ್ನು ತಂದು ಬಿಟ್ಟರೆ ತೊಂದರೆಯಿಲ್ಲ ಎಂಬ ಎಣಿಕೆಯೂ ತಪ್ಪು. ಒಂದು ಪ್ರಾಣಿಯ ಮೇಲೆ ಇನ್ನೊಂದನ್ನು ಛೂ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಓಡಿಸುವ ಜಾಗವನ್ನು ಆರಿಸುವಾಗ ಯಡಹಳ್ಳಿಯ ಗಡಿಯನ್ನು ಮನಸ್ಸಿನಲ್ಲಿಡಬೇಕು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಈ ತಳಿಯ ತವರಿಗೆ ಅಂಟಿಕೊಂಡಂತೆಯೇ ಇದೆ. ಧಾಮದೊಳಗೆ ನಾಯಿಯನ್ನು ಒಯ್ಯುವ ಮಾತೇ ಬೇಡ. ಅಂಚಿನ ಹೊಲಗಳಲ್ಲಿಯೂ ಹಗ್ಗ ಬಿಚ್ಚಬಾರದು, ಏಕೆಂದರೆ ಗಡಿಯ ಕಲ್ಲು ಚಿಂಕಾರಕ್ಕೂ ತಿಳಿಯದು, ನಾಯಿಗೂ ತಿಳಿಯದು. ಅದೇ ರೀತಿ ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮದ ಸುತ್ತಲಿನ ದಂಡೆಯನ್ನೂ, ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿದಿರುವ ಆಲಮಟ್ಟಿ ಹಿನ್ನೀರಿನ ಬಯಲನ್ನೂ ಬಿಟ್ಟುಬಿಡಬೇಕು. ಬೇಸಿಗೆಯಲ್ಲಿ ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿದರೆ ಆ ಮಡ್ಡಿಯಿಂದ ಹಿಂದೆ ಸರಿಯುವುದು ಲೇಸು.

ಹೊಸ ಜಾಗಕ್ಕೆ ಮೊದಲ ಸಲ ನಾಯಿಯಿಲ್ಲದೆ ಹೋಗಿ, ಹಗಲಿನಲ್ಲಿ ಪೂರ್ತಿ ನಡೆದು ನೋಡಬೇಕು. ಇದಕ್ಕೆ ಬದಲಿ ಉಪಾಯವಿಲ್ಲ. ಕಟ್ಟೆಯಿಲ್ಲದ ಹಾಳುಬಾವಿ, ಮಣ್ಣು ತೆಗೆದು ಬಿಟ್ಟ ಕುಣಿ, ಪೊದೆಯೊಳಗೆ ಹುದುಗಿದ ಹಳೆಯ ಮುಳ್ಳುತಂತಿ ಇವು ಓಟದ ಭರದಲ್ಲಿರುವ ನಾಯಿಗೆ ಕಾಣುವುದಿಲ್ಲ. ಕಬ್ಬು ಮತ್ತು ಗೋವಿನಜೋಳದ ಹೊಲಗಳ ಅಂಚಿನಲ್ಲಿ ಇನ್ನೂ ಹೆಚ್ಚಿನ ಅಪಾಯವಿದೆ. ಹಂದಿಯ ಕಾಟ ತಡೆಯಲು ಕೆಲವರು ತಂತಿಗೆ ನೇರ ವಿದ್ಯುತ್ ಹರಿಸುತ್ತಾರೆ, ಉರುಳು ಹಾಕುತ್ತಾರೆ, ತಿನಿಸಿನೊಳಗೆ ಸಿಡಿಮದ್ದು ಅಡಗಿಸಿಡುತ್ತಾರೆ. ಇವು ಕಾನೂನುಬಾಹಿರವಾದರೂ ಇಲ್ಲವೆಂದು ಭಾವಿಸುವುದು ಮೂರ್ಖತನ. ಆ ಹೊಲದ ರೈತನನ್ನೇ ಕಂಡು ‘ನಾಯಿ ತರಬೇಕೆಂದಿದ್ದೇನೆ, ತಂತಿ ಎಲ್ಲಿದೆ, ಔಷಧ ಯಾವಾಗ ಹೊಡೆದಿರಿ?’ ಎಂದು ಕೇಳಿದರೆ ಅನುಮತಿ ಕೋರಿದಂತೆಯೂ ಆಯಿತು, ಮಾಹಿತಿಯೂ ಸಿಕ್ಕಿತು.

ಕುರಿಗಾಹಿಗಳ ವಿಷಯದಲ್ಲಿ ಸಂಕೋಚವಿಲ್ಲದೆ ಸೋಲೊಪ್ಪಿಕೊಳ್ಳಬೇಕು. ಹಿಂಡು ಕಣ್ಣಿಗೆ ಬಿದ್ದ ಕೂಡಲೇ ನಾಯಿಗೆ ಹಗ್ಗ ಹಾಕಿ, ಗಾಳಿಯ ಕೆಳಬದಿಯಿಂದ ದೂರ ಸುತ್ತಿಕೊಂಡು ಹೋಗಬೇಕು. ಕಚ್ಚದಿದ್ದರೂ ಸರಿ, ಒಮ್ಮೆ ಬೆದರಿ ಚದುರಿದ ಹಿಂಡನ್ನು ಕೂಡಿಸಲು ಆ ಮನುಷ್ಯನ ಅರ್ಧ ದಿನ ಹೋಗುತ್ತದೆ, ಗಬ್ಬದ ಕುರಿ ಕಂದು ಹಾಕುವುದೂ ಉಂಟು. ಹಿಂಡು ಕಾಯುವ ನಾಯಿಗಳು ನಿಮ್ಮ ನಾಯಿಯನ್ನು ತೋಳದಂತೆಯೇ ಕಾಣುತ್ತವೆ ಮತ್ತು ತೆಳ್ಳಗಿನ ಚರ್ಮದ ಮುಧೋಳ ನಾಯಿ ಆ ಜಗಳದಲ್ಲಿ ಗೆಲ್ಲುವುದಿಲ್ಲ.

ಸಲಕರಣೆ ಹೆಚ್ಚೇನೂ ಬೇಡ. ಈ ನಾಯಿಯ ತಲೆ ಕಿರಿದು, ಕತ್ತು ದಪ್ಪ, ಆದ್ದರಿಂದ ಸಾಮಾನ್ಯ ಪಟ್ಟಿಯಿಂದ ಸರಕ್ಕನೆ ನುಣುಚಿಕೊಳ್ಳುತ್ತದೆ. ಎಳೆದಾಗ ತುಸು ಬಿಗಿಯಾಗುವ ಅಗಲವಾದ ಪಟ್ಟಿ ಬೇಕು. ಉದ್ದ ಹಗ್ಗದ ಅಭ್ಯಾಸಕ್ಕೆ ಎದೆಪಟ್ಟಿಯನ್ನೇ ಬಳಸಬೇಕು, ಪೂರ್ಣ ವೇಗದಲ್ಲಿ ಹಗ್ಗದ ತುದಿ ಮುಟ್ಟಿದಾಗ ಕತ್ತಿಗೆ ಬೀಳುವ ಜಗ್ಗು ಬೆನ್ನುಹುರಿಗೆ ಹಾನಿ ಮಾಡಬಲ್ಲದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಕಿತ್ತಳೆ ಬಣ್ಣದ ಬಟ್ಟೆಯ ತುಂಡು, ಸಣ್ಣ ಗೆಜ್ಜೆ, ಮೊಬೈಲ್ ಸಂಖ್ಯೆ ಕೊರೆದ ಬಿಲ್ಲೆ ಇಷ್ಟಿದ್ದರೆ ದೂರದಲ್ಲಿರುವವರಿಗೂ ಅದು ಸಾಕಿದ ನಾಯಿಯೆಂದು ತಿಳಿಯುತ್ತದೆ. ಬೈಕಿಗೆ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡಿಸುವ ರೂಢಿ ನಮ್ಮ ಕಡೆ ಬೆಳೆಯುತ್ತಿದೆ. ಅಂಗಾಲು ಸುಟ್ಟರೂ ನಿಲ್ಲಲಾಗದ ಪ್ರಾಣಿಗೆ ಕೊಡುವ ಶಿಕ್ಷೆಯೆಂದೇ ನಾನು ಅದನ್ನು ಎಣಿಸುತ್ತೇನೆ.

ಬೆನ್ನಟ್ಟುವ ಆಸೆಯನ್ನು ಅದುಮಿಡಲಾಗದು, ಬೇರೆಡೆಗೆ ತಿರುಗಿಸಬಹುದು. ಇದಕ್ಕೆ ಹುಸಿಬೇಟೆಯೇ ಒಳ್ಳೆಯ ಮಾರ್ಗ. ಸುತ್ತ ಬೇಲಿಯಿರುವ ಹೊಲವನ್ನೋ, ರಜೆಯ ದಿನ ಅನುಮತಿ ಪಡೆದು ಗೋಡೆಯಿರುವ ಮೈದಾನವನ್ನೋ ಆರಿಸಿ, ನೂರೈವತ್ತು ಮೀಟರಿನಷ್ಟು ಗಟ್ಟಿ ದಾರದ ತುದಿಗೆ ಬಿಳಿಯ ಬಟ್ಟೆಯ ತುಂಡು ಕಟ್ಟಬೇಕು. ಇನ್ನೊಂದು ತುದಿಯನ್ನು ಟೈರ್ ತೆಗೆದ ಸೈಕಲ್ ರಿಮ್ಮಿಗೆ ಬಿಗಿದು ಪೆಡಲಿನಿಂದ ಸುತ್ತಿದರೆ ಬಟ್ಟೆ ನೆಲದ ಮೇಲೆ ಮೊಲದಂತೆಯೇ ಚಿಮ್ಮುತ್ತದೆ. ದಾರವನ್ನು ಬರಿಗೈಯಲ್ಲಿ ಹಿಡಿಯಬಾರದು. ದಾರ ಸಡಿಲಾಗಿ ಕುಣಿಕೆ ಬಿದ್ದರೆ ನಾಯಿಯ ಕಾಲು ಕತ್ತರಿಸುವಷ್ಟು ಅಪಾಯವಿದೆಯಾದ್ದರಿಂದ ಸುತ್ತುವವನ ಕಣ್ಣು ದಾರದ ಮೇಲೆಯೇ ಇರಬೇಕು. ಒಂದು ಸಲಕ್ಕೆ ಒಂದೇ ನಾಯಿ. ಓಡುವ ಮೊದಲು ಹತ್ತು ನಿಮಿಷ ನಡೆಸಿ ಮೈ ಕಾಯಿಸಬೇಕು. ಎರಡು ಮೂರು ಓಟಕ್ಕೆ ನಿಲ್ಲಿಸಬೇಕು. ವರ್ಷ ತುಂಬದ ಮರಿಗೆ ಹಠಾತ್ ತಿರುವು ಕೊಡಬಾರದು, ಎಲುಬು ಇನ್ನೂ ಬಲಿತಿರುವುದಿಲ್ಲ. ಪ್ರತಿ ಓಟದ ಕೊನೆಯಲ್ಲಿ ಬಟ್ಟೆಯನ್ನು ಹಿಡಿಯಲು ಬಿಟ್ಟು, ಆಗಲೇ ಸೀಟಿ ಊದಿ, ಹತ್ತಿರ ಬಂದಾಗ ಬೇಯಿಸಿದ ಕೋಳಿಯ ತುಣುಕು ಕೊಟ್ಟರೆ ಸೀಟಿ ಎಂದರೆ ಲಾಭ ಎಂಬುದು ಅದಕ್ಕೆ ಮನವರಿಕೆಯಾಗುತ್ತದೆ. ಬೇಲಿಯೊಳಗೆ, ಓಟದ ನಡುವೆಯೂ, ಸೀಟಿಗೆ ತಿರುಗಿ ಬಾರದ ನಾಯಿಯನ್ನು ಗಾಯರಾಣದಲ್ಲಿ ಎಂದೂ ಬಿಚ್ಚಬಾರದು. ತಿರುಗಿ ಬರುವ ನಾಯಿಯನ್ನು ಕೂಡ ನಾಲ್ಕೂ ದಿಕ್ಕು ನೋಡಿಯೇ ಬಿಡಬೇಕು.

ಮಾರ್ಚ್‌ನಿಂದ ಮೇ ತನಕ ಸೂರ್ಯೋದಯಕ್ಕೆ ಮೊದಲೇ ಓಟ ಮುಗಿಯಬೇಕು. ನಾಲಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪತೊಡಗಿದರೆ ಅದು ಶಾಖಾಘಾತ. ನೆರಳಿಗೆ ಒಯ್ದು, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ ಪಶುವೈದ್ಯರ ಬಳಿ ಕರೆದೊಯ್ಯಬೇಕು. ಎದೆ ಆಳವಾದ ತಳಿಯಾದ್ದರಿಂದ ಊಟದ ಬೆನ್ನಲ್ಲೇ ಓಡಿಸಿದರೆ ಹೊಟ್ಟೆ ತಿರುಚಿಕೊಳ್ಳುವ ಭಯವಿದೆ. ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆ ತಪ್ಪಿಸಬೇಡಿ. ಇವೆರಡೂ ನಾಯಿಯಿಂದ ತೋಳ, ನರಿಗಳಿಗೆ ಹರಡುವ ರೋಗಗಳು.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ನಾಯಿ ಒಂದು ಕಾಡುಪ್ರಾಣಿಯನ್ನು ಹಿಡಿದರೆ, ಮೊದಲು ನಾಯಿಯನ್ನು ಕಟ್ಟಿ ದೂರ ಒಯ್ಯಬೇಕು. ಗಾಯಗೊಂಡ ಪ್ರಾಣಿಯನ್ನು ಎತ್ತಿಕೊಂಡು ಮನೆಗೆ ತರಬಾರದು, ನೀರು ಕುಡಿಸಲು ಯತ್ನಿಸಬಾರದು. ಒಂದು ಬಟ್ಟೆಯನ್ನು ಹಗುರಾಗಿ ಹೊದಿಸಿ, ಜನ ಸೇರದಂತೆ ನೋಡಿಕೊಂಡು, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಸುದ್ದಿ ಮುಟ್ಟಿಸಬೇಕು. ಸತ್ತಿದ್ದರೂ ಅದು ಸರ್ಕಾರದ ಸ್ವತ್ತು, ಮಾಂಸಕ್ಕಾಗಲಿ ಚರ್ಮಕ್ಕಾಗಲಿ ಕೈ ಹಾಕುವಂತಿಲ್ಲ. ಸಿಬ್ಬಂದಿ ಬರುವವರೆಗೆ ಅಲ್ಲಿಯೇ ನಿಂತು ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು.