ಲ್ಯಾಪ್‌ಟಾಪ್ ಆಂಟೆನಾ ಬದಲಿಸಿದ ಮೇಲೆ ವೈಫೈ ಕೈಕೊಟ್ಟರೆ

ಮೊದಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ (ಲ್ಯಾಪ್‌ಟಾಪ್‌ನ ಬಿಡಿಭಾಗಗಳ ಪಟ್ಟಿ) ನೋಡಿ. ವೈಫೈ ಕಾರ್ಡಿನ ಹೆಸರೇ ಅಲ್ಲಿಲ್ಲವೆಂದರೆ ತಪ್ಪು ಆಂಟೆನಾದ್ದಲ್ಲ; ಆಂಟೆನಾ ಪೂರ್ತಿ ಕಿತ್ತಿಟ್ಟರೂ ಕಾರ್ಡ್ ಕಾಣಿಸಲೇಬೇಕು. ಅದನ್ನು ಸ್ಲಾಟಿನಿಂದ ತೆಗೆದು ಮತ್ತೆ ಕೂರಿಸಿ. ಹೆಸರಿದ್ದು, ರೂಟರ್ ಪಕ್ಕದಲ್ಲಿ ಚೆನ್ನಾಗಿ ಓಡಿ, ಪಕ್ಕದ ಕೋಣೆಯಲ್ಲಿ ಸಿಗ್ನಲ್ ಬಿದ್ದುಹೋದರೆ ಆಂಟೆನಾ ಕಡೆ ತಿರುಗಿ.

ಬಿಚ್ಚುವ ಮುಂಚೆ ವೈಫೈ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ (ರೂಟರ್ ಜೊತೆಗಿನ ಸಂಪರ್ಕದ ವೇಗ) ನೋಡಿಕೊಳ್ಳಿ. 2 ಆಂಟೆನಾದ ವೈಫೈ 5 ಕಾರ್ಡ್, 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ರೂಟರ್ ಎದುರಿಗೇ ಇದ್ದಾಗ 866 ಎಂಬಿಪಿಎಸ್ ಹತ್ತಿರ ತೋರಿಸಬೇಕು. 433ಕ್ಕಿಂತ ಮೇಲೇಳದಿದ್ದರೆ ಒಂದು ಆಂಟೆನಾ ಸುಮ್ಮನೆ ಕೂತಿದೆ ಎಂದೇ ಅನುಮಾನಿಸಿ. ಇನ್ನೂ ಖಚಿತವಾಗಿ ತಿಳಿಯಬೇಕೆ? ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ 'ಐಡಬ್ಲ್ಯು' (iw) ಟೂಲಿನ 'ಸ್ಟೇಷನ್ ಡಂಪ್' (station dump) ನೋಡಿ. ಇಂಟೆಲ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಆಂಟೆನಾಗಳ ಸಿಗ್ನಲ್ ಬೇರೆ ಬೇರೆಯಾಗಿ ಸಿಗುತ್ತದೆ. ಒಂದು ಮೈನಸ್ 48, ಇನ್ನೊಂದು ಮೈನಸ್ 70 ಡಿಬಿಎಂ (ಸಿಗ್ನಲ್ ಅಳೆಯುವ ಮಾನ; ಸೊನ್ನೆಗೆ ಹತ್ತಿರವಿದ್ದಷ್ಟೂ ಬಲ ಹೆಚ್ಚು) ಇದ್ದರೆ ಎರಡನೆಯದರ ಕಡೆಯೇ ದೋಷ.

ಹೆಚ್ಚಿನ ಸಲ ಎಡವಟ್ಟು ಆಗುವುದು ಕನೆಕ್ಟರ್‌ನಲ್ಲಿ. ಹಳೆಯ ಮಿನಿ ಪಿಸಿಐಇ ಮಾದರಿಯ ಕಾರ್ಡ್‌ಗಳಿಗೆ ಯು.ಎಫ್‌ಎಲ್ ಎಂಬ ಕನೆಕ್ಟರ್, ಹೊಸ ಎಂ.2 ಮಾದರಿಯ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದಾದ ಎಂಎಚ್‌ಎಫ್4. ನೋಡಲು ಒಂದೇ ಥರ, ಆದರೆ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಒತ್ತಿ ಕೂರಿಸಹೊರಟರೆ ಕಾರ್ಡಿನ ನಡುವಿನ ಪಿನ್ ಬಾಗುತ್ತದೆ. ಸರಿಯಾದ ಕನೆಕ್ಟರ್ ಆಗಿದ್ದರೂ ಬ್ಯಾಟರಿ ಕಳಚಿ, ನೇರ ಮೇಲಿಟ್ಟು ಬೆರಳಿನಿಂದ ಒತ್ತಿ, 'ಟಿಕ್' ಎನ್ನಬೇಕು. ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಮೀಟುಗೋಲಿನಿಂದ ನೇರ ಮೇಲಕ್ಕೆತ್ತಿ. ಇವು ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ತಯಾರಾದವು, ಸುಮ್ಮಸುಮ್ಮನೆ ಬಿಚ್ಚಬೇಡಿ.

ಕಾರ್ಡೋ ಕೇಬಲ್ಲೋ ತಿಳಿಯದಿದ್ದರೆ ಕಾರ್ಡಿನಲ್ಲಿ ಎರಡು ಆಂಟೆನಾಗಳ ವೈರ್‌ಗಳನ್ನು (ಸಾಮಾನ್ಯವಾಗಿ ಕಪ್ಪು, ಬಿಳಿ) ಅದಲುಬದಲು ಮಾಡಿ. ದುರ್ಬಲ ಸಿಗ್ನಲ್ ವೈರಿನ ಜೊತೆ ಹೋದರೆ ಕೇಬಲ್ ಹಾಳು, ಅಲ್ಲೇ ಉಳಿದರೆ ಕಾರ್ಡಿನ ಪೋರ್ಟ್ ಹಾಳು.

ಮಲ್ಟಿಮೀಟರ್ ಹಿಡಿದವರು ಒಂದು ವಿಷಯದಲ್ಲಿ ಮೋಸಹೋಗುತ್ತಾರೆ. ಆಂಟೆನಾ ಕನೆಕ್ಟರ್‌ನ ನಡುಭಾಗಕ್ಕೂ ಹೊರಗಿನ ಉಂಗುರಕ್ಕೂ ಮಲ್ಟಿಮೀಟರ್ ಮುಟ್ಟಿಸಿದಾಗ ಬೀಪ್ ಬಂದರೆ ಶಾರ್ಟ್ ಎಂದುಕೊಂಡು ಹೊಸ ಆಂಟೆನಾ ಎಸೆಯಬೇಡಿ. ಅನೇಕ ಲ್ಯಾಪ್‌ಟಾಪ್ ಆಂಟೆನಾಗಳು ವಿನ್ಯಾಸದಲ್ಲೇ ಹಾಗಿರುತ್ತವೆ. ಹಳೆಯ ಆಂಟೆನಾ ಇದ್ದರೆ ಅದರಲ್ಲೂ ಪರೀಕ್ಷಿಸಿ ಹೋಲಿಸಿ.

ಹಳೆಯದಕ್ಕೆ ಅಂಟಿದ್ದ ತಾಮ್ರದ ಅಥವಾ ಅಲ್ಯುಮಿನಿಯಂ ಫಾಯಿಲ್ ಹಾಗೇ ಇರಲಿ, ಗ್ರೌಂಡ್ ಅದೇ. ಆದರೆ ಆಂಟೆನಾದ ಸಿಗ್ನಲ್ ಹೊರಸೂಸುವ ತುದಿಯ ಮೇಲೆ ಅದು ಬರಬಾರದು. ಆ ತುದಿ ಪ್ಲಾಸ್ಟಿಕ್ ಇರುವ ಜಾಗದಲ್ಲೇ ಇರಲಿ. 2.4 ಗಿಗಾಹರ್ಟ್ಸ್ ಚೆನ್ನಾಗಿದ್ದು 5 ಮಾತ್ರ ಸೊರಗಿದ್ದರೆ ಒಂದೇ ಬ್ಯಾಂಡಿನ ಆಂಟೆನಾ ಕೊಂಡಿದ್ದೀರೇ ನೋಡಿ.

ಬೆಜೆಲ್ (ಸ್ಕ್ರೀನ್ ಸುತ್ತಲಿನ ಚೌಕಟ್ಟು) ಪೂರ್ತಿ ಮುಚ್ಚುವ ಮೊದಲು ಸ್ಕ್ರೀನನ್ನು ನಿಧಾನವಾಗಿ ಹಿಂದೆ ಮುಂದೆ ಮಾಡುತ್ತಾ ಸಿಗ್ನಲ್ ಗಮನಿಸಿ. ಅಂಕಿ ಏರಿಳಿದರೆ ಕೇಬಲ್ ಹಿಂಜ್‌ನಲ್ಲಿ ಸಿಕ್ಕಿಕೊಂಡಿರಬಹುದು. ಹಳೆಯ ದಾರಿಯಲ್ಲೇ, ಮಡಿಕೆ ಬೀಳದಂತೆ ಮತ್ತೆ ಹಾಯಿಸಿ.